ಕಿಲೋಗೆ ಐವತ್ತು ಗ್ರಾಂ ಸುಳ್ಳು

ಬಿಬಿ ಕೊಕುಗೊಂಜಾ ಮಗುವನ್ನು ನನ್ನ ಕೊಕ್ಕೆಯಿಂದ ಬಿಡಿಸಿಕೊಂಡರು, ಎರಡೂ ಅಂಗೈಗಳ ಮೇಲೆ ಮಲಗಿಸಿ ಮೆಲ್ಲಗೆ ಮೇಲೆ ಕೆಳಗೆ ಆಡಿಸಿದರು, ಆಮೇಲೆ ನೇರವಾಗಿ ನನ್ನ ಮುಖ ನೋಡಿ ಹೇಳಿದರು:

"ಇದು ಸುಳ್ಳು ಹೇಳ್ತಿದೆ."

ಮಾವಿನ ಮರದ ಕೆಳಗೆ ಸಾಲಾಗಿ ಕೂತಿದ್ದ ಮೂವತ್ತು ತಾಯಂದಿರು ನನ್ನತ್ತ ತಿರುಗಿದರು. ಮೂವತ್ತು ಮಕ್ಕಳೂ ತಿರುಗಿದವು. ನನ್ನ ಮುಳ್ಳು ಸೊನ್ನೆಗೆ ಬಂದು, ಏನೂ ಅರಿಯದವರ ಹಾಗೆ ನಿಂತಿತು.

"ಬಿಬಿ, ಆರು ಕಿಲೋ ಆರುನೂರು ಗ್ರಾಂ. ನಾನೇ ನೋಡಿದೆ," ಅಂದರು ಸಿಸ್ಟರ್ ಸೆಲೆಸ್ಟಿನ್.

"ನೀನು ನೋಡಿದೆ. ನಾನು ಎತ್ತಿದೆ."

"ನಿಮ್ಮ ಕೈಗೆ ಮುಳ್ಳಿಲ್ಲವಲ್ಲ ಬಿಬಿ."

"ನಿನ್ನ ಮುಳ್ಳಿಗೆ ಕೈಯಿಲ್ಲ ಮಗಳೇ."

ಎಲ್ಲರೂ ನಕ್ಕರು. ನಗದವಳು ಮಗುವಿನ ತಾಯಿ ಅಸೀಮ್ವೆ ಒಬ್ಬಳೇ. ಅವಳು ಬಿಬಿಯ ಮೊಮ್ಮಗಳು; ಬಿಬಿ ಅಂದರೆ ಇಲ್ಲಿಯ ಮಾತಿನಲ್ಲಿ ಅಜ್ಜಿ. ಅವಳ ಮಗಳು ಅಲಿಂಡಾಳಿಗೆ ಒಂಬತ್ತು ತಿಂಗಳು. ಆ ವಯಸ್ಸಿನ ಹೆಣ್ಣುಮಗು ಆರೂವರೆ ಕಿಲೋಗಿಂತ ಕಡಿಮೆ ತೂಗಿದರೆ ವಾರಕ್ಕೊಂದು ಡಬ್ಬಿ ನುಣ್ಣಗೆ ರುಬ್ಬಿದ ಕಡಲೆಕಾಯಿ ಹಿಟ್ಟು ಸಿಗುತ್ತಿತ್ತು. ಹೆಚ್ಚು ತೂಗಿದರೆ ಒಂದು ಪಪ್ಪಾಯ ಸಸಿ. ಡಬ್ಬಿಗಳು ಕಡಿಮೆ, ಸಸಿಗಳು ಬೇಕಾದಷ್ಟು. ಅಸೀಮ್ವೆ ಸತತ ಮೂರನೇ ಗುರುವಾರ ಸಸಿ ಹಿಡಿದುಕೊಂಡು ಮನೆಗೆ ಹೋದಳು. ಅಳುವುದಕ್ಕೂ ತ್ರಾಣ ಬೇಕು; ಅವಳು ಬೆನ್ನಿಗೆ ಕಟ್ಟಿಕೊಂಡಿದ್ದ ಅಲಿಂಡಾ ಅಳುತ್ತಲೂ ಇರಲಿಲ್ಲ.

ಬಿಬಿ ಹೇಳಿದ್ದು ನಿಜ. ನಾನು ಸುಳ್ಳು ಹೇಳುತ್ತಿದ್ದೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ನಾನು ಒಂದು ಸ್ಪ್ರಿಂಗ್ ತಕ್ಕಡಿ. ದುಂಡು ಮುಖ, ನೆತ್ತಿಯ ಮೇಲೊಂದು ಬಳೆ, ಗದ್ದದ ಕೆಳಗೊಂದು ಕೊಕ್ಕೆ. ಯಾರಾದರೂ ಎಳೆದರೆ ಮಾತಾಡುತ್ತೇನೆ, ಬಿಟ್ಟರೆ ಸುಮ್ಮನಾಗುತ್ತೇನೆ. ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ. ಹುಟ್ಟಿದ ವಾರದಲ್ಲೇ ಅಧಿಕಾರಿಯೊಬ್ಬರು ಬಂದು ಹಿತ್ತಾಳೆಯ ತೂಕದ ಬಟ್ಟು ತೂಗುಹಾಕಿ ನೋಡಿದರು, ತಲೆಯಾಡಿಸಿ ನನ್ನ ಬೆನ್ನಿಗೆ ಮುದ್ರೆ ಒತ್ತಿದರು. ಅವತ್ತು ನಾನು ಹೇಳಿದ್ದು ಅಪ್ಪಟ ಸತ್ಯ. ಆ ಮುದ್ರೆ ಈಗಲೂ ಇದೆ. ಮುದ್ರೆಯ ತೊಂದರೆ ಏನೆಂದರೆ, ಅದು ಒಮ್ಮೆ ಬಿದ್ದರೆ ಆಮೇಲೆ ಯಾರೂ ಹೊಟ್ಟೆಯೊಳಗೆ ಇಣುಕುವುದಿಲ್ಲ.

ನನ್ನ ಮೊದಲ ಒಡತಿ ಉಡುಪಿಯ ಕಡೆಯ ಮೀನು ಮಾರುವ ಜಲಜಕ್ಕ. ನನ್ನನ್ನು ಕೊಂಡ ಮೂರನೇ ದಿನ ಅವರು ಸೈಕಲ್ ರಿಪೇರಿಯವನ ಹತ್ತಿರ ಒಯ್ದು ನನ್ನ ಹೊಟ್ಟೆ ಬಿಚ್ಚಿಸಿದರು.

"ಸ್ಪ್ರಿಂಗ್ ಬದಲು ಮಾಡು. ಸ್ವಲ್ಪ ಮೆತ್ತಗಿನದು ಹಾಕು," ಅಂದರು. "ಆದರೆ ಖಾಲಿ ಇದ್ದಾಗ ಸೊನ್ನೆಯಲ್ಲೇ ನಿಲ್ಲಬೇಕು ಮಾರಾಯ. ಸೊನ್ನೆ ತಪ್ಪಿದರೆ ಗಿರಾಕಿಗಳು ಗಲಾಟೆ ಮಾಡ್ತಾರೆ."

ಅಂದಿನಿಂದ ಒಂದು ಕಿಲೋ ಬಂಗುಡೆ ನನ್ನ ಬಾಯಲ್ಲಿ ಒಂದು ಕಿಲೋ ಐವತ್ತು ಗ್ರಾಂ. ಖಾಲಿ ಇದ್ದಾಗ ನನ್ನಷ್ಟು ಪ್ರಾಮಾಣಿಕರು ಯಾರೂ ಇಲ್ಲ. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಇದು ಬರೀ ಮೀನು, ಸತ್ತದ್ದಕ್ಕೆ ಐವತ್ತು ಗ್ರಾಂ ಹೆಚ್ಚಾದರೇನು ಎಂದುಕೊಂಡೆ.

ಒಂದು ಮಳೆಗಾಲದಲ್ಲಿ ಜಲಜಕ್ಕನಿಗೆ ಟೈಫಾಯ್ಡ್ ಆಯಿತು. ಇಪ್ಪತ್ತು ದಿನ ಆರೈಕೆ ಮಾಡಿದವರು ಮಿಷನ್ ಆಸ್ಪತ್ರೆಯ ಸಿಸ್ಟರ್ ಸೆಲೆಸ್ಟಿನ್. ಅವರನ್ನು ಆಫ್ರಿಕಾಕ್ಕೆ, ಟಾಂಜಾನಿಯಾದ ಒಂದು ಹಳ್ಳಿಯ ದವಾಖಾನೆಗೆ ಕಳಿಸುತ್ತಿದ್ದಾರೆಂದು ತಿಳಿದಾಗ ಜಲಜಕ್ಕ ನನ್ನನ್ನು ತಿಕ್ಕಿ ತೊಳೆದು ತಂದುಕೊಟ್ಟರು.

"ನನ್ನ ಹತ್ತಿರ ಕೊಡಲಿಕ್ಕೆ ಇರುವುದು ಇದೊಂದೇ ಸಿಸ್ಟರೇ. ಅಲ್ಲಿ ಮಕ್ಕಳನ್ನು ತೂಗಲಿಕ್ಕೆ ಆದೀತು," ಅಂದರು. ಆಮೇಲೆ ಇನ್ನೇನೋ ಹೇಳಲು ಬಾಯಿ ತೆರೆದರು. ನನ್ನ ಸ್ಪ್ರಿಂಗ್ ಬಿಗಿಯಾಯಿತು. ಜಲಜಕ್ಕ ಬಾಯಿ ಮುಚ್ಚಿಕೊಂಡು ಹೊರಟುಹೋದರು.

ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿ ಮತ್ತು ಎರಡು ಡಜನ್ ಜಪಮಾಲೆಗಳ ನಡುವೆ ಪ್ರಯಾಣ ಮಾಡಿ ನಾನು ಇಲ್ಲಿಗೆ ಬಂದೆ. ಇದು ದೊಡ್ಡ ಸರೋವರದ ದಂಡೆಯ ಹಳ್ಳಿ. ಎತ್ತ ನೋಡಿದರೂ ಬಾಳೆ. ಚರ್ಚಿನ ಪಕ್ಕದಲ್ಲಿ ದವಾಖಾನೆ, ದವಾಖಾನೆಯ ಮುಂದೆ ಮಾವಿನ ಮರ, ಮರದ ಕೊಂಬೆಯಲ್ಲಿ ನಾನು. ದೇಹವನ್ನಷ್ಟೇ ವಾಸಿ ಮಾಡಿದರೆ ಸಾಲದು, ಮನಸ್ಸು, ಆತ್ಮ, ಅಡುಗೆಮನೆ, ಹಿತ್ತಿಲು ಎಲ್ಲವೂ ವಾಸಿಯಾಗಬೇಕು ಎಂಬುದು ಈ ದವಾಖಾನೆಯ ಪದ್ಧತಿ. ಹೀಗಾಗಿ ಹಲ್ಲುನೋವೆಂದು ಬಂದವನು ಒಂದು ಪ್ರಾರ್ಥನೆ ಮುಗಿಸಿ, ಒಂದು ಹಾಡು ಹಾಡಿ, ಕೈ ತೊಳೆಯುವುದು ಹೇಗೆಂದು ಕಲಿತು, ಹೆಂಡತಿಯೊಡನೆ ಯಾಕೆ ಜಗಳವಾಡಿದೆ ಎಂಬುದಕ್ಕೆ ಉತ್ತರ ಕೊಟ್ಟು, ಕೊನೆಗೆ ಹಲ್ಲು ಕೀಳಿಸಿಕೊಂಡು, ಪಪ್ಪಾಯ ಸಸಿಯೊಂದಿಗೆ ಮನೆಗೆ ಹೋಗುತ್ತಾನೆ. ಯಾರೂ ದೂರುವುದಿಲ್ಲ. ಕೆಲವರು ಹಲ್ಲುನೋವಿಲ್ಲದೆಯೂ ಬರುತ್ತಾರೆ.

ಸಿಸ್ಟರ್ ಪ್ರತಿ ಬೆಳಿಗ್ಗೆ ನನ್ನ ಮುಳ್ಳು ಸೊನ್ನೆಯಲ್ಲಿದೆಯೇ ಎಂದು ಪರೀಕ್ಷಿಸುತ್ತಿದ್ದರು. ಇರುತ್ತಿತ್ತು. ಅವರನ್ನು ಬಿಟ್ಟರೆ ಇಡೀ ಹಳ್ಳಿಯಲ್ಲಿ ಕನ್ನಡ ಬರುವುದು ನನಗೊಬ್ಬನಿಗೇ ಆದ್ದರಿಂದ ನನ್ನ ಮುಖ ಒರೆಸುತ್ತಾ ಅವರು ಕನ್ನಡದಲ್ಲೇ ಮಾತಾಡುತ್ತಿದ್ದರು: "ಸೆಕೆ ಎಂಥದು ಅಲ್ವಾ? ಊರಲ್ಲಿ ಈಗ ಹಲಸಿನಕಾಯಿ ಆಗಿರ್ತದೆ." ನಾನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಒಂದೇ ಒಂದು ಮಾತು ಹೇಳಬೇಕಿತ್ತು. ಆದರೆ ತಕ್ಕಡಿಗೆ ಗೊತ್ತಿರುವ ಭಾಷೆ ಅಂಕಿಗಳದ್ದು ಮಾತ್ರ, ಮತ್ತು ಅಂಕಿಗಳಲ್ಲಿ ನನ್ನ ನಾಲಿಗೆ ಕೆಟ್ಟಿತ್ತು.

ನಾಲ್ಕನೇ ಗುರುವಾರ ಬಿಬಿಯ ಗಂಡ ರ್ವೆಗಸಿರಾ ಅಜ್ಜ ಬಂದ. ಹೆಗಲ ಮೇಲೆ ಒಂದು ಮೀನು, ಬಾಲ ಮೊಣಕಾಲಿಗೆ ಬಡಿಯುತ್ತಿತ್ತು. ಈ ಅಜ್ಜನ ಬಗ್ಗೆ ಊರಿಗೇ ಗೊತ್ತು. ಅವನು ಹಿಡಿದ ಮೀನು ದೋಣಿಯಲ್ಲಿ ಮೂರು ಕಿಲೋ, ದಂಡೆಯಲ್ಲಿ ಐದು ಕಿಲೋ, ಹೆಂಡದ ಅಂಗಡಿಯಲ್ಲಿ ಒಂಬತ್ತು ಕಿಲೋ. ಸರೋವರದಲ್ಲಿ ಅವನು ಹೇಳಿದಷ್ಟು ಮೀನಿದ್ದರೆ ನೀರಿಗೆ ಜಾಗವೇ ಇರುತ್ತಿರಲಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು.

"ಸಿಸ್ಟಾ, ಇದು ಮಕ್ಕಳ ಗಂಜಿಯ ಪಾತ್ರೆಗೆ ನನ್ನ ಕಾಣಿಕೆ," ಅಂದ. "ಆದರೆ ಮೊದಲು ಎಲ್ಲರ ಮುಂದೆ ತೂಗಬೇಕು. ಹತ್ತು ಕಿಲೋ ಇದೆ. ನಾನು ಹೇಳಿದರೆ ಈ ಊರು ನಂಬೋದಿಲ್ಲ."

"ಈ ಕೊಕ್ಕೆ ಮಕ್ಕಳಿಗೆ ಮಾತ್ರ ಅಜ್ಜ."

"ಇದೂ ನನ್ನ ಮಗುವೇ. ಬೆಳಿಗ್ಗೆಯಿಂದ ಹೊತ್ತಿದ್ದೇನೆ."

ಸಿಸ್ಟರ್ ಸೋತರು. ಎಷ್ಟೋ ವರ್ಷಗಳ ಮೇಲೆ ನನ್ನ ಕೊಕ್ಕೆಗೆ ಮೀನು ಬಿತ್ತು. ಆ ತಣ್ಣನೆಯ ಭಾರ, ಆ ವಾಸನೆ! ಒಂದು ಕ್ಷಣ ನಾನು ಊರಲ್ಲೇ ಇದ್ದೆ. ಖುಷಿಯಲ್ಲಿ ನನ್ನ ಹಳೆಯ ಸುಳ್ಳನ್ನು ಬಾಯಿ ತುಂಬ ಹೇಳಿಬಿಟ್ಟೆ.

"ಹತ್ತೂಕಾಲು ಕಿಲೋ," ಓದಿದರು ಸಿಸ್ಟರ್.

ತಾಯಂದಿರು "ಹೋ!" ಎಂದರು. ರ್ವೆಗಸಿರಾ ಅಜ್ಜ ಕುಣಿಯಬೇಕಿತ್ತು. ಕುಣಿಯಲಿಲ್ಲ. ಅವನ ಮುಖದಲ್ಲಿ ಗಾಬರಿ.

"ಹತ್ತೂಕಾಲಾ?" ಅಂದ ಮೆಲ್ಲಗೆ. "ನನಗೂ ಅಷ್ಟು ಅನ್ನಿಸಿರಲಿಲ್ಲವಲ್ಲ."

ಸಾಲಿನಲ್ಲಿದ್ದ ಬಿಬಿ ಎದ್ದು ನಿಂತರು. ಅಲಿಂಡಾ ಅವರ ತೋಳಿನಲ್ಲಿದ್ದಳು.

"ಎಲ್ಲರೂ ಕೇಳಿ. ನಲವತ್ತೆರಡು ವರ್ಷದಿಂದ ಈ ಮನುಷ್ಯನ ಜೊತೆ ಸಂಸಾರ ಮಾಡಿದ್ದೇನೆ. ಒಂದು ದಿನವೂ ಇವನು ಮೀನಿನ ತೂಕ ಕಡಿಮೆ ಹೇಳಿದ್ದಿಲ್ಲ. ಇವನಿಗಿಂತ ಹೆಚ್ಚು ಹೇಳಿದೆ ಅಂದರೆ ಈ ಯಂತ್ರ ಎಂಥ ಸುಳ್ಳುಬುರುಕ ಇರಬೇಕು!"

ಈ ಸಲ ಸಿಸ್ಟರ್ ನಗಲಿಲ್ಲ. ಅಜ್ಜನ ಮುಖ ನೋಡಿದರು, ನನ್ನ ಮುಖ ನೋಡಿದರು. ಅಡುಗೆಮನೆಗೆ ಹೋಗಿ, ಇನ್ನೂ ಒಡೆಯದ ಎರಡೆರಡು ಕಿಲೋದ ಐದು ಸಕ್ಕರೆ ಪೊಟ್ಟಣ ತಂದು, ಮಕ್ಕಳನ್ನು ಕೂರಿಸಿ ತೂಗುವ ಚಡ್ಡಿಯಂಥ ಚೀಲದಲ್ಲಿ ತುಂಬಿ ನನಗೆ ತೂಗುಹಾಕಿದರು.

ಹತ್ತೂವರೆ.

ಸಿಸ್ಟರ್ ಪೊಟ್ಟಣಗಳನ್ನು ಇಳಿಸಿದರು. ನಾನು ಸೊನ್ನೆಗೆ ಮರಳಿದೆ, ಎಂದಿನಂತೆ ಕರಾರುವಾಕ್ಕಾಗಿ.

"ಎಂಥ ಕೆಲಸ ಮಾರಾಯ ನೀನು ಮಾಡಿದ್ದು?" ಎಂದರು ಕನ್ನಡದಲ್ಲಿ. ಆಮೇಲೆ ಏನೋ ನೆನಪಾಗಿ, ಹಣೆಗೆ ಕೈ ಹಚ್ಚಿ, "ಅಯ್ಯೋ ಜಲಜಕ್ಕಾ," ಎಂದರು.

ಅಲಿಂಡಾಳ ನಿಜವಾದ ತೂಕ ಕಳೆದ ವಾರವೇ ಆರು ಕಿಲೋ ಮುನ್ನೂರಕ್ಕೂ ಕಡಿಮೆ ಇತ್ತು. ಸಿಸ್ಟರ್ ಅಲ್ಲೇ ಒಂದು ಡಬ್ಬಿ ಒಡೆದು, ಬೆರಳಿನಿಂದ ತೆಗೆದು ಅವಳ ಬಾಯಿಗಿಟ್ಟರು. ಅವಳು ಚೀಪಿದಳು. ಆಮೇಲೆ ಬೆರಳು ಹಿಂದಕ್ಕೆ ಹೋದದ್ದಕ್ಕೆ ಅತ್ತಳು. ಅಸೀಮ್ವೆ ಆ ಅಳು ಕೇಳಿ ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಒಣಮೀನಿನ ವ್ಯಾಪಾರಿಯಿಂದ ಎರಡು ತಟ್ಟೆಯ ತಕ್ಕಡಿ ಎರವಲು ತಂದು ಊರಿನ ಮಕ್ಕಳನ್ನೆಲ್ಲ ಮತ್ತೆ ತೂಗಿದರು. ಇನ್ನೂ ಹನ್ನೊಂದು ಮಕ್ಕಳು ಡಬ್ಬಿಯ ಸಾಲಿಗೆ ಬಂದರು. ಭಾನುವಾರ ಸಿಸ್ಟರ್ ಚರ್ಚಿನಲ್ಲಿ ಎದ್ದುನಿಂತು, "ತಕ್ಕಡಿ ಸುಳ್ಳು ಹೇಳಿತು, ನಾನು ನಂಬಿದೆ. ಬಿಬಿ ಹೇಳಿದ್ದನ್ನು ನಂಬಲಿಲ್ಲ. ಕ್ಷಮಿಸಿ," ಎಂದರಂತೆ. ಅಂದಿನಿಂದ ಮಗು ಮೊದಲು ಬಿಬಿಯ ಅಂಗೈಗೆ, ಆಮೇಲೆ ತಕ್ಕಡಿಗೆ. ಪ್ರಾರ್ಥನೆ, ಹಾಡು, ಸಸಿಗಳ ಪದ್ಧತಿಗೆ ಇನ್ನೊಂದು ಪದ್ಧತಿ ಸೇರಿತು.

ನನ್ನ ಜಾಗಕ್ಕೆ ಬ್ಯಾಟರಿಯ ಹೊಸ ತಕ್ಕಡಿ ಬಂದಿದೆ. ಅದಕ್ಕೆ ಮುಳ್ಳೇ ಇಲ್ಲ. ನಾನು ಅಡುಗೆಮನೆಯ ಮೂಲೆಯಲ್ಲಿ ಬಾಳೆಗೊನೆ ಹಿಡಿದುಕೊಂಡು ನೇತಾಡುತ್ತೇನೆ. ಗೊನೆ ಎಷ್ಟು ತೂಗುತ್ತದೆಂದು ಯಾರೂ ಕೇಳುವುದಿಲ್ಲ. ಇಷ್ಟು ವರ್ಷ ಸೊನ್ನೆಯಲ್ಲಿ ನೆಟ್ಟಗೆ ನಿಂತದ್ದನ್ನೇ ಪ್ರಾಮಾಣಿಕತೆ ಎಂದು ಹೆಮ್ಮೆಪಟ್ಟಿದ್ದೆ. ಭಾರ ಬಿದ್ದಾಗ ಏನು ಹೇಳುತ್ತೇವೆ ಎಂಬುದೇ ಪ್ರಶ್ನೆ ಅಂತ ಈಗ, ಹಣ್ಣಾಗುತ್ತಿರುವ ಬಾಳೆಯ ಜೊತೆಯಲ್ಲಿ, ಅನ್ನಿಸುತ್ತದೆ.

ನಿನ್ನೆ ಬಿಬಿ, ಅಜ್ಜ, ಅಸೀಮ್ವೆ ಎಲ್ಲರೂ ಬಂದಿದ್ದರು. ಅಲಿಂಡಾ ಈಗ ನಡೆಯುತ್ತಾಳೆ, ಬಾಳೆಹಣ್ಣು ಕಿತ್ತು ಓಡುತ್ತಾಳೆ. ಸಿಸ್ಟರ್ ನನ್ನನ್ನು ಕೆಳಗಿಳಿಸಿ, ಸೆರಗಿನಷ್ಟು ಮೆತ್ತಗಿನ ಬಟ್ಟೆಯಲ್ಲಿ ಒರೆಸಿ, ಎರಡೂ ಕೈಯಲ್ಲಿ ಬಿಬಿಯ ಮುಂದೆ ಚಾಚಿದರು.

"ಇದರ ಗುಟ್ಟು ಹಿಡಿದವರು ನೀವು. ನೆನಪಿಗೆ ನೀವೇ ಇಟ್ಟುಕೊಳ್ಳಿ ಬಿಬಿ. ಮನೆಯಲ್ಲಿ ಮೀನು ತೂಗಲಿಕ್ಕೆ ಆಗ್ತದೆ."

ರ್ವೆಗಸಿರಾ ಅಜ್ಜನ ಕಣ್ಣು ಅರಳಿತು. ಜೀವಮಾನವಿಡೀ ಹುಡುಕಿದ ಗೆಳೆಯ ಸಿಕ್ಕಂತೆ ಅವನು ನನ್ನತ್ತ ಎರಡೂ ಕೈ ಚಾಚಿದ. ಬಿಬಿ ಆ ಕೈಗಳ ಮೇಲೆ ಫಟ್ಟನೆ ಹೊಡೆದರು.

"ಬೇಡ," ಅಂದರು. "ಮನೆಯಲ್ಲಿ ಒಬ್ಬ ಇದ್ದಾನೆ. ಸಾಕು."