ಕೈ ಕಾಣುವ ಫೋನು

ಅಮೋಘಪ್ಪನ ಮೈಗೆ ಬಿಳಿ ಬಟ್ಟೆ ಹೊದಿಸುತ್ತಿದ್ದ ಕೈಗಳು ಅರ್ಧಕ್ಕೇ ನಿಂತವು. ಮೂಲೆಯ ಮೇಜಿನ ಮೇಲಿದ್ದ ಫೋನಿನ ಪೆಟ್ಟಿಗೆಯ ನೆತ್ತಿಯಲ್ಲಿ ಕೆಂಪು ದೀಪ ಹತ್ತಿ ಆರಿ, ಹತ್ತಿ ಆರಿ ಮಾಡತೊಡಗಿತ್ತು. ಗಂಟೆಯಿಲ್ಲ, ಸದ್ದಿಲ್ಲ. ಆದರೂ ಜೇವರ್ಗಿ ಕಾಲೋನಿಯ ಆ ಎರಡು ಕೋಣೆಯ ಮನೆಯಲ್ಲಿ ಸೇರಿದ್ದ ಜನಕ್ಕೆಲ್ಲ ಅದು ಯಾರೆಂದು ಗೊತ್ತಿತ್ತು. ಮುಂಜಾನೆ ಏಳೂವರೆಗೆ ಕಮಲಾಪುರದಿಂದ ಕರೆಯುವವಳು ಸತ್ತವನ ಅಕ್ಕ ಮರೆಮ್ಮ. ಅವಳಿಗೆ ಹುಟ್ಟಿದಾಗಿನಿಂದ ಕಿವಿಯೂ ಇಲ್ಲ, ಮಾತೂ ಇಲ್ಲ.

"ಬಿಡ್ರಿ ವೈನಿ, ತಾನಾ ಆರ್ತದ," ಎಂದ ಸತ್ತವನ ತಮ್ಮ ಭೀಮಶಾ. ಮರೆಮ್ಮ ಇರುವುದು ಊರಲ್ಲಿ ಅವನ ಮನೆಯಲ್ಲೇ. "ನನ್ನ ಹೆಂಡ್ತಿಗಿ ಹೇಳೀನಿ. ಜೀಪ್ ಮಾಡ್ಕೊಂಡು ಅಕ್ಕನ್ನ ಕರ್ಕೊಂಡು ಬರ್ತಾಳ. ಇಲ್ಲಿ ಬಂದು ನೋಡಿದ್ರ ತಿಳೀತದ."

"ಹೇಳದೇ ಕೇಳದೇ ಚೀಲ ಹೊತ್ತು ತಂದಂಗ ತರ್ತೀರೇನು?" ನೀಲಗಂಗಮ್ಮ ಗಂಡನ ತಲೆದೆಸೆಯಿಂದ ಎದ್ದಳು. "ಮೂರ್ ದಿನ ಆತು, ನಾವೆಲ್ಲ ದವಾಖಾನ್ಯಾಗ. ಆಕಿ ದಿನಾ ಕರದು ಕರದು ಸಾಕಾಗ್ಯಾಳ. ಇವತ್ತರ ಯಾರರೆ ಮುಚ್ಚಳ ಎತ್ತಬೇಕಲ್ಲ."

"ಎತ್ತಿ ಹ್ಯಾಂಗ ಹೇಳ್ತೀರಿ?"

ಮರೆಮ್ಮನಿಗೆ ಏನು ಹೇಳಬೇಕಾದರೂ ಕೈಯಲ್ಲೇ ಹೇಳಬೇಕು. ಅವಳೂ ಅಮೋಘಪ್ಪನೂ ಸಣ್ಣವರಿದ್ದಾಗ ಆಡು ಕಾಯುತ್ತ ತಮ್ಮತಮ್ಮಲ್ಲೇ ಕಟ್ಟಿಕೊಂಡ ಕೈಮಾತು ಅದು. ಬಾಳೆಹಣ್ಣು ಸುಲಿದಂತೆ ಮಾಡಿದರೆ ಬಾಳೆಗೆ ಹೆಸರಾದ ಕಮಲಾಪುರ. ಗದ್ದ ನೀವಿದರೆ ಅಮೋಘಪ್ಪ ದುಡಿಯುತ್ತಿದ್ದ ಕಾರ್ಖಾನೆಯ ಗಡ್ಡದ ಸಾಹೇಬರು. ಭೀಮಶಾನಿಗೆ ಬಾ, ಉಣ್ಣು, ಮಲಗು ಎಂಬಷ್ಟು ಬರುತ್ತಿತ್ತು, ನೀಲಗಂಗಮ್ಮನಿಗೆ ಅದರ ಮೇಲೆ ನಾಲ್ಕು. ನಿಜವಾಗಿ ಆ ಮಾತು ಆಡುವವರು ಲೋಕದಲ್ಲಿ ಇಬ್ಬರೇ ಇದ್ದರು. ಈಗ ಒಬ್ಬಳೇ ಉಳಿದಿದ್ದಳು, ಅದು ಅವಳಿಗಿನ್ನೂ ತಿಳಿದಿರಲಿಲ್ಲ.

* * *

ಕಪನೂರಿನಲ್ಲಿ ಇಮಾಮುದ್ದೀನ್ ಸಾಹೇಬರ ಕಾರ್ಖಾನೆ ಎಂದರೆ ಒಂದು ತಗಡಿನ ಶೆಡ್ಡು, ಆರು ಜನ. ಕಚೇರಿಗಳಿಗೆ ಇಂಟರ್‌ಕಾಮ್ ಮಾಡಿಕೊಟ್ಟು ಸುಖವಾಗಿದ್ದವರಿಗೆ ತೊಂಬತ್ತೇಳರಲ್ಲಿ ಮನೆಮನೆಗೆ ಮುಖ ಕಾಣುವ ಫೋನು ಕೊಡುವ ಹುಚ್ಚು ಹತ್ತಿತು. ಒಳಗಿನ ವಿದ್ಯೆಯೆಲ್ಲ ಸಾಹೇಬರದು. ಹೊರಗೆ ಏನಿರಬೇಕು, ಎಲ್ಲಿರಬೇಕು ಎಂಬುದು ಅಮೋಘಪ್ಪನ ಪಾಲಿಗೆ ಬಿತ್ತು. ಸಾಹೇಬರು ಬರೆದುಕೊಟ್ಟ ನಕ್ಷೆಯಲ್ಲಿ ಹದಿನಾಲ್ಕು ಗುಂಡಿಗಳಿದ್ದವು.

ಅಮೋಘಪ್ಪ ಚಪ್ಪಲಿ ಡಬ್ಬಿಯೊಂದನ್ನು ಮನೆಗೆ ತಂದು, ಅದರ ಮೇಲೆ ರಟ್ಟಿನ ಗುಂಡಿ ಹದಿನಾಲ್ಕೂ ಅಂಟಿಸಿ, ಹೆಂಡತಿಯ ಮುಂದೆ ಇಟ್ಟ. "ಹಂ, ಫೋನ್ ಬಂದದ ತಿಳಿ. ಎತ್ತು."

ನೀಲಗಂಗಮ್ಮ ರೊಟ್ಟಿ ಬಡಿಯುತ್ತಿದ್ದಳು. "ಹಿಟ್ಟಿನ ಕೈ ಅದಾವ. ಇದ್ರಾಗ ಯಾವದು ಒತ್ತಲಿ? ಒತ್ತಿದ್ರ ನಿನ್ನ ಫೋನ್ ತುಂಬಾ ಹಿಟ್ಟು."

ಅವನು ಬೈಯಲಿಲ್ಲ. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಏನೋ ಬರೆದುಕೊಂಡ. ಮರುದಿನ ಡಬ್ಬಿಗೆ ಮುಚ್ಚಳ ಬಂದಿತ್ತು. ಮೊಣಕೈಯಿಂದ ಎತ್ತಿದರೆ ಸಾಕು, ಫೋನು ಹತ್ತಿದಂತೆ, ಇಳಿಸಿದರೆ ಮುಗಿದಂತೆ. ಆಮೇಲೆ ದಿನಕ್ಕೊಂದು ಗುಂಡಿ ಕಿತ್ತುಹೋಗುತ್ತ ಬಂತು. ಅಂಕಿ ಓದಲು ಬರದವರಿಗೆಂದು ಉಳಿದ ನಾಲ್ಕರ ಪಕ್ಕದಲ್ಲಿ ಕರೆಯಬೇಕಾದವರ ಫೋಟೊ ಅಂಟಿಸುವ ಜಾಗ ಮಾಡಿದ. ಗಂಟೆಯನ್ನು ಕಿತ್ತು ದೀಪ ಇಟ್ಟ.

ಸಾಹೇಬರು ತಲೆ ಮೇಲೆ ಕೈ ಹೊತ್ತರು. "ಅರೆ ಅಮೋಘಪ್ಪ, ಇದು ಫೋನೋ ಸಂದೂಕೋ?"

"ನಮ್ಮಕ್ಕ ಓದಾಕಿ ಅಲ್ರೀ, ಕೇಳಾಕಿ ಅಲ್ಲ. ಆಕಿ ಒಬ್ಬಾಕಿಗಿ ಬಂದ್ರ ಊರಿಗೆಲ್ಲ ಬರ್ತದ."

ಆದರೆ ಇಬ್ಬರಿಗೂ ನಿಜವಾದ ಜಗಳ ಬಿದ್ದದ್ದು ಕ್ಯಾಮೆರಾ ವಿಷಯಕ್ಕೆ. ಪರದೆ ತುಂಬ ಮುಖ ಕಾಣಬೇಕೆಂದು ಸಾಹೇಬರ ಹಟ. ಅಮೋಘಪ್ಪ ಗಾಜನ್ನು ಬದಲಿಸಿ ಸೊಂಟದಿಂದ ನೆತ್ತಿಯವರೆಗೆ ಹಿಡಿಯುವಂತೆ ಮಾಡಿದ. ಮುಖ ಎಂಟಾಣೆಯಷ್ಟಾಯಿತು.

"ಮುಖಾ ನೋಡಾಕ ಫೋಟೊ ಅದ ಬಿಡ್ರಿ," ಎಂದ ಅವನು. "ಕೈ ಕಾಣ್ಬೇಕು."

ಒಂದೂ ಮಾರಾಟವಾಗಲಿಲ್ಲ. ಮುಖವೇ ಸರಿಯಾಗಿ ಕಾಣದ ಮುಖದ ಫೋನನ್ನು ಯಾರು ಕೊಳ್ಳುತ್ತಾರೆ? ಸಾಹೇಬರು ತಮ್ಮ ಹುಚ್ಚಿಗೆ ತಾವೇ ನಕ್ಕು, ಮಾಡಿದ ಎರಡನ್ನೂ ಅಮೋಘಪ್ಪನಿಗೇ ಕೊಟ್ಟುಬಿಟ್ಟರು. ಒಂದು ಇಲ್ಲಿ, ಒಂದು ಕಮಲಾಪುರದಲ್ಲಿ. ಅಂದಿನಿಂದ ಐದು ವರ್ಷ, ಏಳೂವರೆ ಎಂದರೆ ಏಳೂವರೆ, ಚಹಾ ಆರುತ್ತಿದ್ದರೂ ಅವನ ಕೈ ನಿಲ್ಲುತ್ತಿರಲಿಲ್ಲ. ಆ ಲೈನಿನಲ್ಲಿ ಚಿತ್ರ ಕುಂಟುತ್ತ ಬರುತ್ತಿದ್ದುದರಿಂದ ಒಂದೊಂದು ಮಾತನ್ನೂ ತಡೆದು ತಡೆದು ಆಡುತ್ತಿದ್ದರು. ನಡುನಡುವೆ ಇಬ್ಬರೂ ಬಿದ್ದು ಬಿದ್ದು ನಗುವರು.

"ನನ್ನ ಮ್ಯಾಲೇನು ಚಾಡಿ ಹೇಳಾಕತ್ತಿ?" ಎಂದು ನೀಲಗಂಗಮ್ಮ ಬಾಗಿಲಲ್ಲಿ ನಿಂತು ಕೇಳಿದರೆ, "ನಿನ್ನೆ ಪಲ್ಯಾ ಉಪ್ಪಾಗಿತ್ತಂತ ಹೇಳ್ದೆ," ಎನ್ನುವನು. ಅವಳಿಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು. ಇಪ್ಪತ್ತು ವರ್ಷ ಸಂಸಾರ ಮಾಡಿದವಳೊಂದಿಗೆ ಅವನು ಅಷ್ಟು ಮಾತಾಡಿದ್ದೇ ಇಲ್ಲ. ಕಲಿಸು ಎಂದು ಕೇಳಬಹುದಿತ್ತು. ಕೇಳಲಿಲ್ಲ.

* * *

ದೀಪ ಇನ್ನೂ ಹತ್ತಿ ಆರುತ್ತಿರುವಾಗಲೇ ನೀಲಗಂಗಮ್ಮ ಗಂಡನ ಕುರ್ಚಿಯಲ್ಲಿ ಕೂತು ಮುಚ್ಚಳ ಎತ್ತಿದಳು.

ಬೂದು ಬಣ್ಣದ ಚಿತ್ರದಲ್ಲಿ ಮರೆಮ್ಮ ಮೂಡಿದಳು. ತಮ್ಮನ ಬದಲು ತಮ್ಮನ ಹೆಂಡತಿಯನ್ನು ಕಂಡು ಕಿವಿಯ ಹಿಂದೆ ಬೆರಳು ತಟ್ಟಿದಳು. ಪೆನ್ಸಿಲ್ ಸಿಕ್ಕಿಸಿಕೊಳ್ಳುವವನು, ಅಮೋಘಪ್ಪ. ಆಮೇಲೆ ಅಂಗೈ ತಿರುವಿದಳು. ಎಲ್ಲಿ?

ನೀಲಗಂಗಮ್ಮನಿಗೆ ತೋಚಿದ್ದು ಒಂದೇ. ಅಂಗೈಯನ್ನು ಕೆನ್ನೆಗೆ ಒರಗಿಸಿ ಕಣ್ಣು ಮುಚ್ಚಿದಳು.

ಮರೆಮ್ಮ ನಕ್ಕಳು. ಮೂರು ದಿನದ ಚಿಂತೆ ಇಳಿದವಳ ನಗೆ. ಇನ್ನೂ ಮಲಗಿದ್ದಾನೆಯೇ ಸೋಮಾರಿ, ಎಬ್ಬಿಸು ಎಂದು ಕೈ ಅಲ್ಲಾಡಿಸಿದಳು.

ನೀಲಗಂಗಮ್ಮನ ಕಣ್ಣೀರು ಧಾರಾಕಾರವಾಗಿ ಹರಿಯುತ್ತಿತ್ತು. ಎಂಟಾಣೆಯಷ್ಟು ಮುಖದಲ್ಲಿ ಅದು ಅಲ್ಲಿಗೆ ಕಾಣುವ ಹಾಗಿರಲಿಲ್ಲ. ದೂರ ಹೋದ ಎಂದು ಬಾಗಿಲ ಕಡೆ ಕೈ ತೋರಿಸಿದಳು. ಮರೆಮ್ಮ ಗದ್ದ ನೀವಿದಳು. ಕಾರ್ಖಾನೆಗೆ ಹೋದನೇ?

ಅವಳ ಹಿಂದೆ, ಕ್ಯಾಮೆರಾಗೆ ಸಿಗದ ಬದಿಯಲ್ಲಿ, ಇಮಾಮುದ್ದೀನ್ ಸಾಹೇಬರು ಮುಖ ಆಚೆ ತಿರುಗಿಸಿ ನಿಂತಿದ್ದರು.

"ಪೆಟ್ಟಿಗಿ ಈ ಕಡಿ ತಿರುವ್ರಿ ವೈನಿ, ಅಣ್ಣನ್ನ ತೋರಸಮು," ಎಂದ ಭೀಮಶಾ.

"ಬ್ಯಾಡ. ನಿನ್ನ ಹೆಂಡ್ತಿ ಜೀಪ್ ತರಾಕ ಹೋಗಿರ್ತಾಳ, ಹಿಂಗ ತೋರಿಸಿದ್ರ ಆಕಿ ಒಬ್ಬಾಕಿ ಎಲ್ಲಿ ಬೀಳ್ತಾಳೋ."

ನೀಲಗಂಗಮ್ಮ ತನ್ನ ಕೈಗಳನ್ನು ನೋಡಿಕೊಂಡಳು. ಆಮೇಲೆ ಎರಡೂ ಕೈಯ ಹಸಿರು ಬಳೆಗಳನ್ನು ಒಂದೊಂದಾಗಿ ಕಳಚಿ ಮೇಜಿನ ಮೇಲಿಡತೊಡಗಿದಳು. ಬಳೆ ಒಡೆಯುವುದನ್ನು ಆ ಮನೆಯಲ್ಲಿ ಬಿಟ್ಟು ಎಷ್ಟೋ ವರ್ಷವಾಗಿತ್ತು. ಅಪ್ಪ ಸತ್ತಾಗ ಅವ್ವನ ಕೈ ಹಿಡಿದು ನಿಂತು, ಯಾರೂ ಮುಟ್ಟಕೂಡದು ಎಂದವನು ಅಮೋಘಪ್ಪನೇ.

"ವೈನಿ! ಏನ್ ಮಾಡಾಕತ್ತೀರಿ? ಅಣ್ಣಗ ಇದು ಸೇರ್ತಿದ್ದಿಲ್ಲ."

"ಸುಮ್ನಿರು ಭೀಮಶಾ. ಮಾತಾಡಾಕತ್ತೀನಿ."

ಎರಡೂ ಬರಿಗೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಳು. ಪರದೆಯಲ್ಲಿ ಚಿತ್ರ ನಿಂತುಹೋಯಿತು. ಲೈನು ಕೆಟ್ಟಿತೇನೋ ಎಂದುಕೊಂಡಳು. ಕೆಟ್ಟಿರಲಿಲ್ಲ, ಹಿಂದಿನ ಗೋಡೆಯಲ್ಲಿ ಕ್ಯಾಲೆಂಡರಿನ ಹಾಳೆ ಗಾಳಿಗೆ ಆಡುತ್ತಲೇ ಇತ್ತು. ನಿಂತಿದ್ದವು ಮರೆಮ್ಮನ ಕೈಗಳು. ಬಹಳ ಹೊತ್ತಿನ ಮೇಲೆ ಒಂದು ಕೈ ಮುಂದೆ ಬಂತು, ಮುಚ್ಚಳ ಇಳಿಯಿತು.

"ಮುಖಾ ದೊಡ್ಡದು ಮಾಡು ಅಂತ ನಾ ಎಷ್ಟು ಜಗಳಾಡಿದ್ದೆ ಭಾಭಿ," ಎಂದರು ಸಾಹೇಬರು. ನೀಲಗಂಗಮ್ಮ ಬಳೆಗಳನ್ನು ಎಣಿಸದೆ ಮತ್ತೆ ಕೈಗೆ ಏರಿಸಿಕೊಂಡಳು.

* * *

ಜೀಪು ಬಂದಾಗ ಹನ್ನೊಂದಾಗಿತ್ತು. ಮರೆಮ್ಮ ಅಳುತ್ತಿರಲಿಲ್ಲ. ಜನ ದಾರಿ ಬಿಟ್ಟರು. ತಮ್ಮನ ಪಕ್ಕದಲ್ಲಿ ಕೂತು, ಅವನ ಹಣೆ ಸವರಿ, ಕೈಗಳನ್ನು ಎತ್ತಿದಳು.

ಏನು ಹೇಳಿದಳೋ. ಆಡುಗಳ ಸುದ್ದಿಯೋ, ಅವ್ವನ ಸುದ್ದಿಯೋ, ಬೈಗುಳವೋ. ಬೆರಳುಗಳು ಮಡಚಿದವು, ಅರಳಿದವು, ಎದೆಗೆ ತಾಗಿದವು. ಎದುರಿನಿಂದ ಉತ್ತರ ಬರುವಷ್ಟು ಹೊತ್ತು ಬಿಟ್ಟು ಬಿಟ್ಟು ಹೇಳಿದಳು. ಮನೆ ತುಂಬ ಜನವಿದ್ದರು, ಒಬ್ಬರಿಗೂ ಒಂದಕ್ಷರ ತಿಳಿಯಲಿಲ್ಲ. ಮುಗಿದ ಮೇಲೆ ಅವಳು ಸುತ್ತ ಎಲ್ಲರ ಮುಖವನ್ನೂ ಒಮ್ಮೆ ನೋಡಿದಳು. ನೋಡಿ, ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು ಬಚ್ಚಿಟ್ಟಳು.

"ಹೊತ್ತಾತು, ಎತ್ತಮು," ಎಂದರು ಯಾರೋ ಹೊರಗಿನಿಂದ.

"ತಡೀರಿ," ಎಂದಳು ನೀಲಗಂಗಮ್ಮ.

ಅವಳು ಮರೆಮ್ಮನ ಎದುರಿಗೆ ನೆಲದ ಮೇಲೆ ಕೂತು, ಸೆರಗಿನೊಳಗಿಂದ ಆ ಕೈಗಳನ್ನು ಮೆಲ್ಲಗೆ ಹೊರಗೆ ತೆಗೆದು ಮಡಿಲಲ್ಲಿಟ್ಟಳು. ಆಮೇಲೆ ತನ್ನ ಕೈ ಎತ್ತಿ, ಅಕ್ಕ ಕೊನೆಗೆ ತಮ್ಮನಿಗೆ ಹೇಳಿದ್ದನ್ನು ಕಂಡಷ್ಟು ಕಂಡಂತೆ ಮಾಡಿದಳು: ಮೂರು ಬೆರಳು ಮಡಚಿ, ಎದೆಗೆ ತಾಗಿಸಿ, ಮುಂದಕ್ಕೆ ಬಿಟ್ಟು.

ಮರೆಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ತಪ್ಪು ಎಂದು ತಲೆ ಅಲ್ಲಾಡಿಸಿದಳು. ಕೈ ಚಾಚಿ ನೀಲಗಂಗಮ್ಮನ ಹೆಬ್ಬೆರಳು ಹಿಡಿದು ಒಳಗೆ ಮಡಚಿದಳು, ಮೊಣಕೈಯನ್ನು ತುಸು ಎತ್ತಿದಳು, ಮತ್ತೆ ಮಾಡು ಎಂದು ಕಾಯುತ್ತ ಕೂತಳು.