ಮುಖವಾಡದವನ ನಡಿಗೆ

ಶಿರಗುಪ್ಪಿಯ ಕಬ್ಬಿನ ಹೊಲಗಳಲ್ಲಿ ಕುಡಗೋಲು ಹಿಡಿದು ಒಬ್ಬೊಬ್ಬರನ್ನೇ ಕೊಲ್ಲುವ ಮುಖವಾಡದವನ ಸಿನಿಮಾಗಳೆಂದರೆ ಒಂದು ಕಾಲಕ್ಕೆ ಜನ ಮುಗಿಬೀಳುತ್ತಿದ್ದರು. ಈಗ ಹೊಸ ನಟರೊಂದಿಗೆ ಆ ಸರಣಿ ಮತ್ತೆ ಶುರುವಾಗುವುದಿತ್ತು. ಈ ಸಲ ಕೊಲೆಗಾರ್ತಿಯ ಪಾತ್ರ ಸಿಕ್ಕಿದ್ದ ದೀಪಾಲಿ, ಹಳೆಯ ಸಿನಿಮಾಗಳಲ್ಲಿ ಮುಖವಾಡದವನಾಗಿ ನಟಿಸಿದ್ದ ಭೀಮಸಿಯನ್ನು ಹುಡುಕಿಕೊಂಡು ಕಬ್ಬೂರಿಗೆ ಬಂದಳು. ಅವನು ಆಡುಗಳಿಗೆ ಸೊಪ್ಪು ಹಾಕುತ್ತಿದ್ದ.

"ಕಾಕಾ, ಸಿನಿಮಾದಾಗ ಎಲ್ಲಾರೂ ಓಡ್ತಿದ್ರು, ನೀವಷ್ಟ ಸಾವಕಾಶ ನಡೀತಿದ್ರಿ. ಯಾಕ್ರಿ?"

"ಮುಖವಾಡದಾಗ ಏನೂ ಕಾಣ್ತಿರಲಿಲ್ಲವಾ. ಎಡವಿ ಬೀಳ್ತೀನಂತ ಹೆದರಿ ನಡೀತಿದ್ದೆ."

ದೀಪಾಲಿ ನಗಲಿಲ್ಲ. ತಂದಿದ್ದ ಹೊಸ ಮುಖವಾಡ ಹಾಕಿಕೊಂಡು, ಒಳಗೆ ಕಣ್ಣು ಮುಚ್ಚಿ, ಕಾಲಿನಿಂದ ನೆಲ ತಡವುತ್ತ ಅವನತ್ತ ನಡೆದಳು. ಭೀಮಸಿ ತನಗರಿವಿಲ್ಲದೆ ಹಿಂದೆ ಸರಿದ.

"ನಾನೂ ಹಿಂಗ ಕಾಣ್ತಿದ್ನೇನವಾ?" ಎಂದು ಕೇಳಿ, ಇನ್ನೊಮ್ಮೆ ನಡೆದು ತೋರಿಸಲು ಹೇಳಿದ.