ಮೋರಿ ಜರಡಿಯ ಸರದಿ

ಅನಂತವನ್ನು ಒಂದೇ ಸಾಲಿನಲ್ಲಿ ಕಟ್ಟಿಹಾಕಿ, ಅದರ ಕಿವಿ ಹಿಂಡಿ, ಲಾಂಡ್ರಿಯ ಮೋರಿ ತೊಳೆಸಿದ ಗಂಡಸು ಈ ಭೂಮಿಯ ಮೇಲೆ ನಾನೊಬ್ಬನೇ. ಸೂರ್ಯ ಕೂಡ ಮುಂದಿನ ಸುತ್ತು ಹೊರಡುವ ಮೊದಲು ನನ್ನ ಕಡೆ ನೋಡಿ ಅಪ್ಪಣೆ ಕೇಳುತ್ತಾನೆ.

ಲಾಂಡ್ರಿ ನಮ್ಮ ಮನೆಯವರದೇ. ಮಷೀನುಗಳ ಕೊಳೆನೀರೆಲ್ಲ ಹಿಂದಿನ ಕೋಣೆಯ ಮೋರಿಗೆ ಇಳಿಯುತ್ತದೆ. ಮೋರಿಯ ಬಾಯಿಗೊಂದು ಜರಡಿ. ಊರಿನವರ ಮೈಯಿಂದ ಉದುರಿದ್ದೆಲ್ಲ ಅದರಲ್ಲಿ: ಕೂದಲಿನ ಜಿಡ್ಡುಗಂಟು, ನೂಲಿನ ಬೂದು ಲೋಳೆ, ಗಾಯಕ್ಕೆ ಅಂಟಿಸಿದ್ದ ಪ್ಲಾಸ್ಟರು, ಒಮ್ಮೆ ಒಂದು ಹಲ್ಲು. ಅದರ ನಾತಕ್ಕೆ ಗೋಡೆಯ ಹಲ್ಲಿಗಳೇ ಬಿದ್ದು ಸತ್ತಿವೆ. ದಿನಾ ಬೆಳಿಗ್ಗೆ ಯಾರಾದರೂ ಕೈ ಹಾಕಿ ಅದನ್ನು ಬಾಚಬೇಕು.

ಯಾರು ಎಂದು ಜಗಳವಾದಾಗ, ಕಂಪ್ಯೂಟರ್ ಬಲ್ಲ ನಾನು ಎದೆಯುಬ್ಬಿಸಿ ಮುಂದೆ ಬಂದೆ. ಒಂದೇ ಸಾಲಿನ ಪ್ರೋಗ್ರಾಮ್ ಬರೆದು, ಹೆಸರುಗಳನ್ನು ಒಂದೊಂದಾಗಿ ಎತ್ತಿಕೊಡುವ ಇಟರೇಟರ್ ಒಂದನ್ನು ಕೂರಿಸಿದೆ. ಗುಂಡಿ ಒತ್ತಿದರೆ ಆ ದಿನದ ಹೆಸರು. ಕೊನೆಯ ಹೆಸರು ಮುಗಿದರೆ ಮತ್ತೆ ಮೊದಲಿನಿಂದ. ಪ್ರಳಯವಾದರೂ ಇದು ನಿಲ್ಲುವುದಿಲ್ಲ ಎಂದು ಕೊಚ್ಚಿಕೊಂಡೆ.

ಅಪ್ಪ, ಅಣ್ಣ, ಅತ್ತಿಗೆ. ಅಪ್ಪ, ಅಣ್ಣ, ಅತ್ತಿಗೆ. ಅಪ್ಪನಿಗೆ ಸೊಂಟ ಹಿಡಿದರೆ, ಅಣ್ಣ ಬಟ್ಟೆ ತಲುಪಿಸಲು ಹೋದರೆ, ಅವರ ಪಾಲೂ ಅತ್ತಿಗೆಗೇ. ಬ್ಲೀಚಿನಲ್ಲಿ ನೆಂದು ನೆಂದು ಅವರ ಬೆರಳ ಸಂದಿಯ ಚರ್ಮ ಸುಲಿದಿತ್ತು. ಸೂಜಿ ಹಿಡಿದು ಗುಂಡಿ ಹೊಲಿಯಲೂ ಆಗುತ್ತಿರಲಿಲ್ಲ. ನಿನ್ನ ಸರದಿ ಯಾವಾಗ ಎಂದು ಅವರು ಕೇಳಿದಾಗಲೆಲ್ಲ, ಕೊನೆಯೇ ಇಲ್ಲದ್ದರಲ್ಲಿ ಎಲ್ಲರೂ ಬಂದೇ ಬರುತ್ತಾರೆ, ತಾಳ್ಮೆ ಬೇಕು ಎಂದು ಉಪದೇಶ ಮಾಡುತ್ತಿದ್ದೆ.

ಇವತ್ತು ಅತ್ತಿಗೆ ತುಂಬಿದ ಜರಡಿಯನ್ನು ಹಾಗೇ ಕಿತ್ತು ತಂದು ಕೀಬೋರ್ಡಿನ ಪಕ್ಕ ಇಟ್ಟರು. ಲೋಳೆ ಮೇಜಿನಂಚಿನಿಂದ ನನ್ನ ಪ್ಯಾಂಟಿನ ಮೇಲೆ ತೊಟ್ಟಿಕ್ಕಿತು.

"ಒತ್ತಪ್ಪಾ," ಎಂದರು, ಸ್ಟೂಲ್ ಎಳೆದುಕೊಂಡು ಕೂತು. "ನಿನ್ನ ಹೆಸರು ಬಂದ ತಕ್ಷಣ ನಾನೇ ಇದನ್ನ ಎತ್ಕೊಂಡು ಹೋಗ್ತೀನಿ. ಕೊನೆ ಇಲ್ಲ ಅಂದ್ಯಲ್ಲ, ನನಗೂ ಅವಸರ ಇಲ್ಲ."

ಒತ್ತಿದೆ. ಅಪ್ಪ. ಅಣ್ಣ. ಅತ್ತಿಗೆ. ಅಪ್ಪ. ನೊಣಗಳು ಬಂದವು. ಜರಡಿಯಿಂದೆದ್ದ ಒಂದು ನನ್ನ ತುಟಿಯ ಮೇಲೆ ಕೂತಿತು. ಅಣ್ಣ. ಅತ್ತಿಗೆ. ನೊಣ ಓಡಿಸಿ ಮತ್ತೆ ಒತ್ತಿದೆ. ಅತ್ತಿಗೆ ಸುಲಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಪರದೆಯನ್ನಲ್ಲ, ನನ್ನನ್ನೇ ನೋಡುತ್ತಿದ್ದರು.

"ನನ್ನ ಹೆಸರು ಹಾಕೇ ಇಲ್ಲ ಅತ್ತಿಗೆ," ಎಂದೆ, ಮೂಗು ಮುಚ್ಚಿಕೊಂಡು. "ಆ ಒಂದು ಸಾಲೂ ನನ್ನ ತಲೆಯಿಂದ ಬಂದದ್ದಲ್ಲ. ಸುತ್ತಿ ಸುತ್ತಿ ಬರೋದು ಪ್ರೋಗ್ರಾಮ್ ಭಾಷೆಯಲ್ಲೇ ರೆಡಿ ಇತ್ತು. ನನ್ನನ್ನ ಬಿಟ್ಟದ್ದೊಂದೇ ನಾನು ಮಾಡಿದ್ದು."